ದಿಡ್ಡಿ ಬಾಗಿಲಿಗೆ ಬೀಗ ಹಾಕಿದವರು ಯಾರು?

"ಸರ್ವರ್ ಇಲ್ರೀ, ನಾಳೆ ಬರ್ರಿ."

ಈ ಮಾತು ಕೇಳದ ಮನುಷ್ಯ ನಮ್ಮ ಗಂಗಾವತಿ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಮನಿ ಉತಾರಕ್ಕೆ ಹೋದರೂ ಇದೇ ಮಾತು, ಪಿಂಚಣಿ ಅರ್ಜಿಗೆ ಹೋದರೂ ಇದೇ ಮಾತು. ಹೇಮಗುಡ್ಡದಂಥ ಊರಲ್ಲಿ ಕೂಲಿ ಬಿಟ್ಟು ಬಂದು ಪಾಳಿ ಹಚ್ಚಿದ ಹೆಣ್ಣುಮಗಳಿಗೆ ಈ ಮಾತಿನ ಬೆಲೆ ಒಂದು ದಿನದ ಪಗಾರ. ಆದರೆ ಎಷ್ಟೋ ಸಲ ಬೆಂಗಳೂರಿನ ಸರ್ವರ್ ತನ್ನ ಪಾಡಿಗೆ ತಾನು ತಣ್ಣಗೆ ನಡೆಯುತ್ತಿರುತ್ತದೆ. ಕೆಟ್ಟು ಕುಂತಿರೋದು ಇಲ್ಲೇ ಗೋಡೆಗೆ ಹೊಡೆದ ಸಣ್ಣ ಡಬ್ಬಿ. ಅದು ಸತ್ತೇ ಹೋಗಿದೆ ಅಂತ ಹೇಳಿದವರು ಯಾರು? ನಾಡಿ ಹಿಡಿದು ನೋಡಿದವರು ಯಾರೂ ಇಲ್ಲ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆಗೆ ಮುಂದೆ ಭಾರತ್‌ನೆಟ್ ಅಂತ ಹೆಸರಾಯಿತು. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಆಪ್ಟಿಕಲ್ ಫೈಬರ್ ಮುಟ್ಟಿಸುವುದು ಗುರಿ. 2023ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಯೋಜನೆಗೆ 1.39 ಲಕ್ಷ ಕೋಟಿ ರೂಪಾಯಿ ಒಪ್ಪಿಗೆಯಾಯಿತು. ಎಕ್ಸ್‌ಚೇಂಜಿನಲ್ಲಿ ಒಎಲ್‌ಟಿ ಅನ್ನುವ ದೊಡ್ಡ ಯಂತ್ರ, ಪಂಚಾಯ್ತಿಯಲ್ಲಿ ಒಎನ್‌ಟಿ ಅನ್ನುವ ಡಬ್ಬಿ, ನಡುವೆ ಕೇಬಲ್. ಕೇಬಲ್ ಕಡಿದರೆ ಗುಂಡಿ ತೋಡಿ ಜೋಡಿಸುತ್ತಾರೆ. ಡಬ್ಬಿ ಕೆಟ್ಟರೆ ಮಾತ್ರ "ಹೊಸದು ಬರಬೇಕ್ರೀ" ಅಂತ ಕೈ ತೊಳೆದುಕೊಳ್ಳುತ್ತಾರೆ. ಅಷ್ಟು ಕೋಟಿ ಸುರಿದು ತಂದ ಹಾದಿ, ಕಡೆಯ ಮೂರು ಅಡಿಯಲ್ಲಿ ನಿಂತುಬಿಡುತ್ತದೆ.

ಈ ಡಬ್ಬಿ ಯಾಕೆ ಕೆಡುತ್ತದೆ ನೋಡ್ರಿ. ಒಳಗೆ ಫ್ಲ್ಯಾಶ್ ಅನ್ನುವ ಮೆಮರಿ ಚಿಪ್ ಇದೆ. ಡಬ್ಬಿಯನ್ನು ನಡೆಸುವ ತಂತ್ರಾಂಶ ಅದರಲ್ಲೇ ಇರುತ್ತದೆ. ಹೊಸ ತಂತ್ರಾಂಶ ಬರೆಯುತ್ತಿರುವಾಗ ನಡುವೆ ಕರೆಂಟ್ ಹೋಯಿತೆಂದರೆ ಅರ್ಧ ಹೊಸದು, ಅರ್ಧ ಕಸ. ಡಬ್ಬಿ ಏಳೋದಿಲ್ಲ. ಕರೆಂಟ್ ಹೋಗೋದು ನಮ್ಮಲ್ಲಿ ಹೊಸ ಸುದ್ದಿಯೇನಲ್ಲ.

ಆದರೆ ಅದೇ ಫ್ಲ್ಯಾಶ್‌ನ ಮೊದಲ ತುಂಡಿನಲ್ಲಿ ಇನ್ನೊಂದು ಸಣ್ಣ ತಂತ್ರಾಂಶ ಕುಂತಿರುತ್ತದೆ. ಅದರ ಹೆಸರು ಬೂಟ್‌ಲೋಡರ್. ಮಾಮೂಲಿ ಅಪ್‌ಡೇಟ್ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಡಬ್ಬಿಗೆ ಕರೆಂಟ್ ಬಂದ ಕೂಡಲೇ ಮೊದಲು ಏಳೋದು ಇದೇ. ಎದ್ದು, ಒಂದೆರಡು ಸೆಕೆಂಡು ಯಾರಾದರೂ ಕೀಲಿ ಒತ್ತುತ್ತಾರೇನೋ ಅಂತ ಕಾದು, ಆಮೇಲೆ ದೊಡ್ಡ ತಂತ್ರಾಂಶವನ್ನು ಎಬ್ಬಿಸುತ್ತದೆ. ಆ ಒಂದೆರಡು ಸೆಕೆಂಡೇ ರಿಪೇರಿಯ ಬಾಗಿಲು.

ಹೇಮಗುಡ್ಡದ ಕೋಟೆ ಏರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಟೆ, ವಾಡೆ ಕಟ್ಟುತ್ತಿದ್ದ ನಮ್ಮ ಹಿರೇರು ಅಗಸಿಯ ದೊಡ್ಡ ಬಾಗಿಲು ಮುಚ್ಚಿದ ಮೇಲೂ ಒಬ್ಬ ಮನುಷ್ಯ ನುಸುಳುವಷ್ಟು ದಿಡ್ಡಿ ಬಾಗಿಲು ಬಿಡುತ್ತಿದ್ದರು. ಬೂಟ್‌ಲೋಡರ್ ಅಂದರೆ ಆ ದಿಡ್ಡಿ.

ಸಣ್ಣ ರೂಟರು, ಒಎನ್‌ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬೂಟ್‌ಲೋಡರ್ ಯು-ಬೂಟ್. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಬೆಳೆಸಿದ್ದು. 2002ರಿಂದ ಈ ಹೆಸರಿದೆ, ಮುಕ್ತ ತಂತ್ರಾಂಶ. ರಿಪೇರಿಗೆ ಬೇಕಾದದ್ದು ಒಂದು ಹಳೆಯ ಲ್ಯಾಪ್‌ಟಾಪು, ಕೆಲವು ನೂರು ರೂಪಾಯಿಯ ಯುಎಸ್‌ಬಿ ಸೀರಿಯಲ್ ಕೇಬಲ್ಲು, ಒಂದು ನೆಟ್‌ವರ್ಕ್ ವೈರು. ಬೋರ್ಡಿನ ಮೇಲಿನ ಸೀರಿಯಲ್ ಪಿನ್ನುಗಳಿಗೆ ಕೇಬಲ್ ಹಚ್ಚಿ, ಕರೆಂಟ್ ಕೊಟ್ಟು, ಕೀಲಿ ಒತ್ತಿದರೆ ಯು-ಬೂಟ್ ಆಜ್ಞೆ ಕೇಳುತ್ತಾ ನಿಲ್ಲುತ್ತದೆ.

ಆಮೇಲೆ 'ಪ್ರಿಂಟ್‌ಎನ್ವ್' ಅಂದರೆ ಡಬ್ಬಿ ತನ್ನ ಜಾತಕವನ್ನೆಲ್ಲ ಹೇಳುತ್ತದೆ. ಅದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. 'ಸೆಟ್‌ಎನ್ವ್' ಅಂತ ಡಬ್ಬಿಗೊಂದು, ಲ್ಯಾಪ್‌ಟಾಪಿಗೊಂದು ಐಪಿ ವಿಳಾಸ ತಿಳಿಸಬೇಕು. 'ಪಿಂಗ್' ಹೊಡೆದು ಇಬ್ಬರಿಗೂ ಮಾತುಕತೆ ಇದೆಯೋ ನೋಡಬೇಕು. 'ಟಿಎಫ್‌ಟಿಪಿಬೂಟ್' ಅಂದರೆ ಲ್ಯಾಪ್‌ಟಾಪಿನಲ್ಲಿರುವ ಒಳ್ಳೆಯ ತಂತ್ರಾಂಶ ಡಬ್ಬಿಯ ರ್‍ಯಾಮಿಗೆ ಇಳಿಯುತ್ತದೆ. ಅದಕ್ಕೆ ತಕ್ಕ ಕಡತವಿದ್ದರೆ ಫ್ಲ್ಯಾಶ್ ಮುಟ್ಟದೆಯೇ, 'ಬೂಟ್‌ಎಂ' ಅಂತ ರ್‍ಯಾಮಿನಿಂದಲೇ ಓಡಿಸಿ ನೋಡಬಹುದು. ಓಡಿತೋ, ಯಂತ್ರ ಗಟ್ಟಿ ಇದೆ, ಕೆಟ್ಟಿದ್ದು ಬರಹ ಮಾತ್ರ ಅಂತ ಖಾತ್ರಿ. ಆಮೇಲೆ ಫ್ಲ್ಯಾಶ್‌ಗೆ ಬರೆದರಾಯಿತು. ಕೈ ಪಳಗಿದವನಿಗೆ ಒಂದು ಚಾ ಕುಡಿಯುವಷ್ಟು ಹೊತ್ತಿನ ಕೆಲಸ.

ಇದರಿಂದ ಎಲ್ಲಾ ಡಬ್ಬಿ ಎದ್ದು ಕೂರುತ್ತವೆ ಅಂತ ನಾನು ಹೇಳುತ್ತಿಲ್ಲ. ಸಿಡಿಲಿಗೆ ಪವರ್ ಭಾಗ ಸುಟ್ಟಿದ್ದರೆ, ಲೇಸರ್ ಹೋಗಿದ್ದರೆ ಯಾವ ಆಜ್ಞೆಯೂ ನಡೆಯದು. ಗೊತ್ತಿಲ್ಲದೆ ಇಡೀ ಫ್ಲ್ಯಾಶ್ ಅಳಿಸಿದರೆ ಡಬ್ಬಿಯ ಸೀರಿಯಲ್ ನಂಬರೂ ಅಳಿಸಿಹೋಗಬಹುದು. ಆ ನಂಬರಿನಿಂದಲೇ ಒಎಲ್‌ಟಿ ಅದನ್ನು ಗುರುತಿಸೋದು. ಅದಕ್ಕೇ ಕಲಿತ ಕೈ ಬೇಕು. ಆದರೆ ಸುಟ್ಟದ್ದು ಯಾವುದು, ಬರಹ ಕೆಟ್ಟದ್ದು ಯಾವುದು ಅಂತ ಬೇರ್ಪಡಿಸದೆ ಎಲ್ಲವನ್ನೂ ಗುಜರಿಗೆ ಹಾಕೋದು ಯಾವ ನ್ಯಾಯ? ಗಂಗಾವತಿಯಲ್ಲಿ ಪಂಪ್‌ಸೆಟ್ಟಿನ ಮೋಟರ್ ಸುಟ್ಟರೆ ಯಾರಾದರೂ ಬಿಸಾಕುತ್ತಾರೆಯೇ? ವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದರು. ಅಂಥ ಗೇಟು ಬಲ್ಲ ಅನುಭವಸ್ಥರನ್ನು ಕರೆಸಿದರು, ಕೆಲಸ ಮಾಡಲು ಬಿಟ್ಟರು, ಅದಕ್ಕೇ ಆಯಿತು. ಅಷ್ಟು ದೊಡ್ಡ ಗೇಟು ಒಂದು ವಾರದಲ್ಲಿ ಆಗುವ ನಾಡಿನಲ್ಲಿ ಅಂಗೈಯಗಲದ ಡಬ್ಬಿಗೆ ತಿಂಗಳುಗಟ್ಟಲೆ ಕಾಯಬೇಕೇ?

ಇನ್ನು ಬೀಗದ ಮಾತು. ಡಬ್ಬಿ ಮಾಡುವವರಲ್ಲಿ ಕೆಲವರು ಬೂಟ್‌ಲೋಡರ್ ಕಾಯುವ ಆ ಒಂದೆರಡು ಸೆಕೆಂಡನ್ನೇ ತೆಗೆದುಹಾಕುತ್ತಾರೆ. ಕೆಲವರು ಗುಪ್ತಪದ ಹಾಕಿ ತಮ್ಮ ಕಿಸೆಯಲ್ಲೇ ಇಟ್ಟುಕೊಳ್ಳುತ್ತಾರೆ. ಕೆಲವರು ತಂತ್ರಾಂಶದ ಕಡತವನ್ನೇ ಕೊಡುವುದಿಲ್ಲ. ಡಬ್ಬಿಗೆ ರೊಕ್ಕ ಕೊಟ್ಟವರು ನಾವು, ಕೀಲಿ ಮಾತ್ರ ಅವರ ಹತ್ತಿರ. ಯು-ಬೂಟ್‌ನ ಜಿಪಿಎಲ್ ಎರಡನೇ ಆವೃತ್ತಿಯ ಲೈಸೆನ್ಸು ಮೂಲ ಕೋಡ್ ಕೊಡಬೇಕು ಅನ್ನುತ್ತದೆ, ಬೀಗ ಹಾಕಬಾರದು ಅಂತ ಹೇಳುವುದಿಲ್ಲ. ಊರವರೆಲ್ಲ ಸೇರಿ ತೋಡಿದ ಬಾವಿಗೆ ಒಬ್ಬ ಬಂದು ಬೀಗ ಜಡಿದ ಹಾಗಾಯಿತು ಇದು.

"ಭದ್ರತೆ ಸಾರ್, ಕಳ್ಳರು ಒಳಗೆ ಬಂದರೆ?" ಅನ್ನುತ್ತಾರೆ. ಅಲ್ರೀ, ಸೀರಿಯಲ್ ಕೇಬಲ್ ಹಚ್ಚಬೇಕಾದರೆ ಡಬ್ಬಿ ಬಿಚ್ಚಬೇಕು. ಡಬ್ಬಿ ಬಿಚ್ಚುವಷ್ಟು ಹತ್ತಿರ ಬಂದ ಕಳ್ಳ ಡಬ್ಬಿಯನ್ನೇ ಹೊತ್ತುಕೊಂಡು ಹೋಗಬಲ್ಲ. ಸಹಿ ಇರುವ ತಂತ್ರಾಂಶ ಮಾತ್ರ ನಡೆಯಲಿ ಅಂದರೆ ಅದೂ ಸರಿಯೇ. ಆ ಸಹಿ ಹಾಕಿದ ಕಡತವನ್ನು ತಾಲ್ಲೂಕಿಗೆ ಕೊಡ್ರಿ, ಅದನ್ನು ಇಳಿಸಲು ಬಾಗಿಲು ಬಿಡ್ರಿ. ಸಿಸ್ಕೋ ಕಂಪನಿಯ ರೂಟರುಗಳನ್ನೇ ನೋಡ್ರಿ. ಗುಪ್ತಪದ ಮರೆತವರು ರಾಮ್‌ಮಾನ್ ಅನ್ನುವ ಬೂಟ್ ಹಂತಕ್ಕೆ ಹೋಗಿ 'ಕಾನ್‌ಫ್ರೆಗ್' ಆಜ್ಞೆಯಿಂದ ಒಳಗೆ ಬರುವ ವಿಧಾನವನ್ನು ಕಂಪನಿಯೇ ಪ್ರಕಟಿಸಿದೆ. ಅದು ಬೇಡ ಅನ್ನುವವರು ಆ ದಾರಿ ಮುಚ್ಚುವ ಆಯ್ಕೆಯೂ ಅದರಲ್ಲಿದೆ. ಮುಚ್ಚುವುದೋ ತೆರೆಯುವುದೋ ಅನ್ನೋದನ್ನು ರೂಟರಿನ ಒಡೆಯ ತೀರ್ಮಾನಿಸುತ್ತಾನೆ. ನಾನು ಕೇಳುತ್ತಿರುವುದು ಇಷ್ಟೇ. ಬೀಗ ಇರಲಿ, ಕೀಲಿಕೈ ಮನೆಯ ಯಜಮಾನನ ಹತ್ತಿರ ಇರಲಿ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಒಂದು ಸಮಿತಿ ಮಾಡಿತು. ಒಳ್ಳೇದು. ಆದರೆ ಫೋನು, ಟ್ರ್ಯಾಕ್ಟರಿನ ಗ್ರಾಹಕನ ಹಕ್ಕು ಹೇಳುವ ಸರ್ಕಾರ, ತಾನೇ ಲಕ್ಷಗಟ್ಟಲೆ ಡಬ್ಬಿ ಕೊಳ್ಳುವ ಗ್ರಾಹಕ ಅನ್ನೋದನ್ನು ಮರೆಯಬಾರದು. ಇದಕ್ಕೆ ಹೊಸ ಕಾನೂನೇ ಬೇಕಿಲ್ಲ, ಟೆಂಡರಿನಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು. ಸೀರಿಯಲ್ ಪಿನ್ನು ಬೋರ್ಡಿನ ಮೇಲೆ ಇರಬೇಕು. ಬೂಟ್‌ಲೋಡರ್ ಗುಪ್ತಪದವನ್ನು ಕೊಂಡವರಿಗೆ ಒಪ್ಪಿಸಬೇಕು. ತಂತ್ರಾಂಶದ ಕಡತ ಡಬ್ಬಿಯ ಜೊತೆಗೇ ಬರಬೇಕು. ರಿಪೇರಿಯ ಕ್ರಮವನ್ನು ಕನ್ನಡದಲ್ಲಿ ಅಚ್ಚುಹಾಕಿ ಕೊಡಬೇಕು.

ಐದನೆಯದು ಟೆಂಡರಿಗೆ ಸೇರಿದ್ದಲ್ಲ, ನಮಗೆ ಸೇರಿದ್ದು. ಕೊಪ್ಪಳ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ಕುಗಳಲ್ಲಿ ಓದುವ ಹುಡುಗ ಹುಡುಗಿಯರಿಗೆ ಇದನ್ನು ಕಲಿಸಬೇಕು. ತಾಲ್ಲೂಕಿಗೆ ಇಬ್ಬರು ಸಾಕು. ಮೊಬೈಲ್ ಅಂಗಡಿಯಲ್ಲಿ ಕುಂತು ಚಿಪ್ಪು ಕಿತ್ತು ಹಚ್ಚುವ ನಮ್ಮ ಹುಡುಗರಿಗೆ ಇದೇನು ಬ್ರಹ್ಮವಿದ್ಯೆಯಲ್ಲ. ಅವರಿಗೆ ಒಂದು ಟೇಬಲ್ಲು, ಒಂದು ಕೇಬಲ್ಲು, ತಿಂಗಳಿಗೊಂದು ಪಗಾರ ಕೊಡ್ರಿ.

ಮುಂದಿನ ಗ್ರಾಮಸಭೆಯಲ್ಲಿ "ಸರ್ವರ್ ಇಲ್ಲ" ಅಂದವರಿಗೆ ಒಂದೇ ಪ್ರಶ್ನೆ ಕೇಳ್ರಿ: "ಡಬ್ಬಿ ಬಿಚ್ಚಿ ನೋಡಿದವರು ಯಾರ್ರೀ?" ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸ್ರಿ. ಬಿಚ್ಚಿ ನೋಡಲು ಕೀಲಿಕೈ ಇಲ್ಲ ಅಂದರೆ, ಅದನ್ನೂ ಬರೆಸ್ರಿ.