ಬಿರುಗಾಳಿಯ ರಾತ್ರಿ ಕಳೆದ ಮೇಲೆ

ಕಳೆದ ಭಾನುವಾರ ನಮ್ಮ ದೇವಾಲಯದಲ್ಲಿ ಯುವಕನೊಬ್ಬ ತನ್ನ ಸಾಕ್ಷಿಯನ್ನು ಹೇಳಿದನು. ಕುಡಿತಕ್ಕೆ ಬಿದ್ದದ್ದು, ಮನೆ ಬಿಟ್ಟದ್ದು, ಕೊನೆಗೊಂದು ರಾತ್ರಿ ಆಸ್ಪತ್ರೆಯ ಹಾಸಿಗೆಯಲ್ಲಿ ದೇವರನ್ನು ಕೂಗಿ ಕರೆದದ್ದು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದನು. ಬಳಿಕ ಸಭೆಯವರೆಲ್ಲ ಎದ್ದು ನಿಂತು ‘ಅಮೇಜಿಂಗ್ ಗ್ರೇಸ್’ ಹಾಡಿದೆವು. ನನಗೂ ಕಣ್ಣು ತುಂಬಿತು. ಆದರೆ ಹಾಡಿಗೆ ಏಳದೆ, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕುಳಿತೇ ಇದ್ದ ಅವನ ಹೆಂಡತಿಯ ಮುಖವನ್ನು ಕಂಡಾಗ ಮನಸ್ಸು ಬೇರೆಡೆಗೆ ಹರಿಯಿತು. ಅವಳ ಕಡೆಯ ಕಥೆಯನ್ನು ಯಾರೂ ಕೇಳಿರಲಿಲ್ಲ.

ಆ ಹಾಡನ್ನು ಬರೆದ ಜಾನ್ ನ್ಯೂಟನ್ (ಸೇಬಿನ ಮರದ ನ್ಯೂಟನ್ ಅಲ್ಲ, ನನ್ನ ಹಳೆಯ ವಿದ್ಯಾರ್ಥಿಗಳು ಗಮನಿಸಬೇಕು!) ಹುಟ್ಟಿದ್ದು 1725ರಲ್ಲಿ. ಏಳು ವರ್ಷ ತುಂಬುವ ಮೊದಲೇ ಪ್ರಾರ್ಥನೆ ಕಲಿಸಿದ ತಾಯಿಯನ್ನು ಕಳೆದುಕೊಂಡು, ಹಡಗು ಸೇರಿ, ದೇವರನ್ನು ಹಳಿಯುವುದರಲ್ಲಿ ನಾವಿಕರನ್ನೂ ಮೀರಿಸಿದವನು. 1748ರ ಮಾರ್ಚ್‌ನಲ್ಲಿ ‘ಗ್ರೇಹೌಂಡ್’ ಎಂಬ ಹಡಗು ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಒಡೆಯುತ್ತಿದ್ದಾಗ ಅವನ ಬಾಯಿಂದ ದೇವರ ಕರುಣೆಗಾಗಿ ಮೊರೆ ಹೊರಟಿತು. ಪ್ರಸಂಗಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿದುಬಿಡುತ್ತದೆ.

ಮುಂದಿನದ್ದನ್ನು ಹೇಳಲು ನಮಗೆ ಸಂಕೋಚ. ಆ ಬಿರುಗಾಳಿಯ ನಂತರವೇ, 1750ರಿಂದ 1754ರವರೆಗೆ, ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿ ಮೂರು ಬಾರಿ ಪಯಣಿಸಿದನು. ಹಡಗಿನ ಮೇಲ್ಭಾಗದಲ್ಲಿ ನಾವಿಕರಿಗೆ ಭಾನುವಾರದ ಆರಾಧನೆ ನಡೆಸುತ್ತಿದ್ದನು. ಕೆಳಗೆ ಸಂಕೋಲೆಯಲ್ಲಿ ಮನುಷ್ಯರಿದ್ದರು. ಅವನನ್ನು ಸಮುದ್ರದಿಂದ ಬಿಡಿಸಿದ್ದು ಕಾಯಿಲೆ, ಮನಸ್ಸಾಕ್ಷಿಯಲ್ಲ. 1764ರಲ್ಲಿ ಓಲ್ನಿ ಎಂಬ ಊರಿನ ಸಭಾಪಾಲಕನಾದನು, 1773ರ ಹೊಸವರ್ಷದ ದಿನಕ್ಕಾಗಿ ಆ ಹಾಡನ್ನು ಬರೆದನು. ಗುಲಾಮರ ವ್ಯಾಪಾರದಲ್ಲಿ ತನ್ನ ಕೈಯೂ ಇತ್ತೆಂದು ನಾಚಿಕೆಯಿಂದ ಒಪ್ಪಿಕೊಂಡು ಪುಸ್ತಿಕೆಯನ್ನು ಪ್ರಕಟಿಸಿದ್ದು 1788ರಲ್ಲಿ. ಬಿರುಗಾಳಿಗೂ ಆ ಪುಸ್ತಿಕೆಗೂ ನಡುವೆ 40 ವರ್ಷ.

ಇದನ್ನು ತಿಳಿದ ಕೆಲವರು, ಅವನ ಮಾನಸಾಂತರವೇ ಸುಳ್ಳು ಎನ್ನುತ್ತಾರೆ. ನಾನು ಹಾಗೆನ್ನಲಾರೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ, ಮಗನು ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗನು ಮೈತೊಳೆದು ಬರಲೆಂದು ಕಾಯುವುದಿಲ್ಲ. ಕೃಪೆ ಮೊದಲು ಬರುತ್ತದೆ, ನಾವು ಕುಂಟುತ್ತಾ ಹಿಂದೆ ಬರುತ್ತೇವೆ. ಆದರೆ ಅದೇ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಜಕ್ಕಾಯನಿದ್ದಾನೆ. ಯೇಸು ತನ್ನ ಮನೆಗೆ ಬಂದನೆಂಬ ಸಂತೋಷದಲ್ಲಿಯೇ ಅವನು ಯಾರಿಂದ ಅನ್ಯಾಯವಾಗಿ ಕಿತ್ತುಕೊಂಡಿದ್ದನೋ ಅವರಿಗೆ ನಾಲ್ಕರಷ್ಟು ಹಿಂದಿರುಗಿಸಲು ಹೊರಟನು. ದೇವರು ಕ್ಷಮಿಸಿದನೆಂಬುದು, ನಾವು ನೋಯಿಸಿದ ಮನುಷ್ಯನಿಗೆ ತೋರಿಸಿ ಲೆಕ್ಕ ಚುಕ್ತಾ ಮಾಡಿಕೊಳ್ಳುವ ರಸೀದಿಯಲ್ಲ. ನಮ್ಮ ಸಾಕ್ಷಿಕೂಟಗಳು 15ನೇ ಅಧ್ಯಾಯದಲ್ಲಿಯೇ ನಿಂತುಬಿಡುತ್ತವೆ ಎಂಬುದೇ ನನ್ನ ತಕರಾರು.

ತಕರಾರು ಹೇಳುವವನ ಲೆಕ್ಕವನ್ನೂ ಒಪ್ಪಿಸಬೇಕು. 1987ರಲ್ಲಿ ನನ್ನ ತಂದೆ ತೀರಿಕೊಂಡ ಮೇಲೆ ದೇವರ ಮೇಲೆ ಮುನಿದು ಒಂಬತ್ತು ವರ್ಷ ನಾನು ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಆ ಕಾಲದಲ್ಲಿ, 1991ರಲ್ಲಿ, ಪರೀಕ್ಷಾ ಶುಲ್ಕವೆಂದು ಸಂಗ್ರಹಿಸಿದ್ದ 340 ರೂಪಾಯಿ ನನ್ನ ಮೇಜಿನಿಂದ ಕಾಣೆಯಾಯಿತು. ಬಡ ಹುಡುಗನೊಬ್ಬನ ಮೇಲೆ ಸಂಶಯಪಟ್ಟು ಇಡೀ ತರಗತಿಯ ಮುಂದೆ ಬೆತ್ತದಿಂದ ಹೊಡೆದೆ. ಅವನು ಮರುದಿನದಿಂದ ಶಾಲೆಗೆ ಬರಲಿಲ್ಲ. ವಾರದ ನಂತರ ಹಣ ಸಿಕ್ಕಿತು, ನನ್ನದೇ ಹಾಜರಿ ಪುಸ್ತಕದ ರಟ್ಟಿನ ಹೊದಿಕೆಯೊಳಗೆ. ಯಾರಿಗೂ ಹೇಳದೆ ಶುಲ್ಕ ಕಟ್ಟಿದೆ.

1996ರ ಶುಭ ಶುಕ್ರವಾರದಂದು ದೇವಾಲಯಕ್ಕೆ ಮರಳಿದೆ. ಹಿಂದಿನ ಬೆಂಚಿನಲ್ಲಿ ಕುಳಿತು ಬಿಕ್ಕಿ ಅತ್ತೆ. ಅಂದು ನನಗೆ ದೊರೆತದ್ದು ಕೃಪೆಯೇ, ಅದರಲ್ಲಿ ಇಂದಿಗೂ ಸಂದೇಹವಿಲ್ಲ. ಆದರೂ ಆ ಹುಡುಗನ ಮನೆ ನಮ್ಮ ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿಗೆ ಹೋಗಲು ನನಗೆ ಇನ್ನೂ ಹನ್ನೆರಡು ವರ್ಷ ಬೇಕಾಯಿತು. ಅಷ್ಟು ಕಾಲವೂ ಪ್ರಭುಭೋಜನ ಸ್ವೀಕರಿಸುತ್ತಿದ್ದೆ, ಭಾನುವಾರ ಶಾಲೆಯ ಮಕ್ಕಳಿಗೆ ಜಕ್ಕಾಯನ ಕಥೆಯನ್ನೂ ಹೇಳಿಕೊಟ್ಟಿದ್ದೆ.

2008ರಲ್ಲಿ ಹೋದಾಗ ಅವನು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದನು. (ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.) ಎದ್ದು ನಿಂತು, ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು, “ಬನ್ನಿ ಸಾರ್, ಕೂತ್ಕೊಳ್ಳಿ” ಎಂದನು. ನಾನು ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಲೇ ಇದ್ದನು. ನಂತರ, “ನಮ್ಮಪ್ಪ ಸಾಯೋವರೆಗೂ ನಾನೇ ಕದ್ದೆ ಅಂತ ನಂಬಿದ್ರು ಸಾರ್. ಎರಡು ವರ್ಷ ಮುಂಚೆ ಬಂದಿದ್ರೆ ಅವರಿಗೂ ಹೇಳಬಹುದಿತ್ತು” ಎಂದನು.

ಆಮೇಲೆ ಎದುರಿನ ಹೋಟೆಲಿನಿಂದ ಇಬ್ಬರಿಗೂ ಚಹಾ ತರಿಸಿದನು. ಹಣ ಕೊಡಲು ಹೋದರೆ ಬಿಡಲಿಲ್ಲ.