ನಾಲಿಗೆಗೆ ಬಜೆ, ಶಾಲೆಗೆ ಕ್ಯಾಂಪು

ತಾವರೆಕೆರೆ ಅಂದ ಕೂಡ್ಲೇ ನಿಮ್ಮಲ್ಲಿ ಅರ್ಧ ಜನಕ್ಕೆ ಬೆಂಗಳೂರಿನ ಬಿಟಿಎಂ ಪಕ್ಕದ ತಾವರೆಕೆರೆ ನೆನಪಾಗಿರುತ್ತೆ, ಉಳಿದ ಅರ್ಧಕ್ಕೆ ಮಾಗಡಿ ರೋಡಿಂದು. ನಾನು ಹೇಳ್ತಿರೋದು ಎರಡೂ ಅಲ್ಲ. ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವಾಗ, ನೀವು ಬಸ್ಸಲ್ಲಿ ನಿದ್ದೆ ಹೊಡೀತಿರೋ ಹೊತ್ತಿಗೆ ಹಿಂದೆ ಸರಿದುಹೋಗುವ ತಾವರೆಕೆರೆ.

ಬಿಟಿಎಂ ಪಕ್ಕದ ತಾವರೆಕೆರೆಯಲ್ಲಿ ಮಗು ಎರಡು ವರ್ಷವಾದ್ರೂ ಮಾತಾಡಲಿಲ್ಲ ಅಂದ್ರೆ ಅಪ್ಪ ಅಮ್ಮ ಸ್ಪೀಚ್ ಥೆರಪಿ ಬೋರ್ಡು ಹುಡುಕ್ತಾರೆ. ಬಹಳ ದೂರ ಹೋಗಬೇಕಾಗಿಲ್ಲ, ಜೇಬು ಗಟ್ಟಿ ಇರಬೇಕು ಅಷ್ಟೆ. ನಮ್ಮ ಸೀಮೆಯ ತಾವರೆಕೆರೆಯಲ್ಲಿ? ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತೆ. ಅದಕ್ಕೂ ಬರಲಿಲ್ಲ ಅಂದ್ರೆ ನಾಲಿಗೆ ಕೆಳಗಿನ ನಾರು ಕತ್ತರಿಸಿ ಅಂತಾರೆ. ಅದಾದ ಮೇಲೆ "ಅವರಪ್ಪನೂ ಲೇಟಾಗೇ ಮಾತಾಡಿದ್ದು, ತಾನಾಗೇ ಬರುತ್ತೆ ಬಿಡು" ಅನ್ನೋ ಸಮಾಧಾನ. ಅಷ್ಟರಲ್ಲಿ ಮಗುವಿಗೆ ಆರು ವರ್ಷ ಆಗಿ ಒಂದನೇ ಕ್ಲಾಸಿಗೆ ಸೇರಿರುತ್ತೆ. ಅಜ್ಜಿ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜಿಗೆ ಗೊತ್ತಿದ್ದು ಬಜೆ, ಹಚ್ಚಿತು. ನನಗೆ ಸಿಟ್ಟಿರೋದು ಶಾಲೆಗೆ ಸೇರಿದ ಮೇಲೂ ಆ ಮಗುವಿಗೆ ಬಜೆಗಿಂತ ಹೆಚ್ಚಿನದೇನೂ ಸಿಗೋದಿಲ್ವಲ್ಲ, ಅದರ ಮೇಲೆ.

ಒಂದು ತಮಾಷೆ ನೋಡಿ. ತುಮಕೂರು ಕಂದಾಯ ಲೆಕ್ಕದಲ್ಲಿ ಒಂದೇ ಜಿಲ್ಲೆ. ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅದಕ್ಕೇ ಬೇರೆ ಡಿಡಿಪಿಐ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಬೇರೆಯದೇ ರ್‍ಯಾಂಕು. ಶೈಕ್ಷಣಿಕ ಜಿಲ್ಲೆ ಅಂದ್ರೆ ಇಂಗ್ಲಿಷಿನಲ್ಲಿ ಏನು? ಸ್ಕೂಲ್ ಡಿಸ್ಟ್ರಿಕ್ಟ್! ಅಮೆರಿಕದಲ್ಲಿರೋ ನಮ್ಮ ಕನ್ನಡದ ಗೆಳೆಯರನ್ನ ಕೇಳಿ, ಮನೆ ಕೊಳ್ಳುವಾಗ ಮೊದಲು ನೋಡೋದೇ ಅದನ್ನ. ಅಲ್ಲಿ 1975ರಲ್ಲೇ ಕಾನೂನು ಬಂತು, ವಿಕಲತೆ ಇರುವ ಮಗುವಿಗೂ ಸರ್ಕಾರಿ ಶಾಲೆಯಲ್ಲಿ ಉಚಿತವಾಗಿ, ಅದಕ್ಕೆ ತಕ್ಕ ಶಿಕ್ಷಣ ಕೊಡಲೇಬೇಕು ಅಂತ. ಮಾತಿನ ತೊಂದರೆ ಇದ್ರೆ ವಾಕ್ ಚಿಕಿತ್ಸೆ ಕೂಡ ಅದರಲ್ಲೇ ಸೇರಿಕೊಂಡಿದೆ. ಆ ದೇಶದ ವಾಕ್ ಚಿಕಿತ್ಸಕರಲ್ಲಿ ಸರಿಸುಮಾರು ಅರ್ಧದಷ್ಟು ಜನ ಕೆಲಸ ಮಾಡೋದು ಶಾಲೆಗಳಲ್ಲಿ. ತಲೆಗೆ ನಲವತ್ತು ಐವತ್ತು ಮಕ್ಕಳು, ಹೊರೆ ಜಾಸ್ತಿ ಅಂತ ಅವರು ಗೊಣಗ್ತಾರೆ. ಪಾಪ, ಗೊಣಗಲಿ. ನಮ್ಮಲ್ಲಿ ಗೊಣಗೋಕಾದ್ರೂ ಒಬ್ಬರು ಬೇಕಲ್ಲ!

"ಅಮೆರಿಕದ ಕಥೆ ಬಿಡಿ ಸಾರ್, ನಮ್ಮದು ಬಡದೇಶ" ಅಂತೀರಾ? ಸರಿ, ಬಿಟ್ಟೆ. ಮೈಸೂರಿಗೆ ಬನ್ನಿ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಗಿದ್ದು 1965ರಲ್ಲಿ. ಇಡೀ ದೇಶಕ್ಕೆ ವಾಕ್ ಚಿಕಿತ್ಸಕರನ್ನ ತಯಾರು ಮಾಡುವ ಸಂಸ್ಥೆ ನಮ್ಮ ಕರ್ನಾಟಕದಲ್ಲೇ ಇದೆ. ಆಗಿನಿಂದ ಈಗಿನವರೆಗೆ ಎಷ್ಟು ಬ್ಯಾಚು ಹೊರಗೆ ಬಂದಿರಬೇಕು? ಅಲ್ಲಿ ಓದಿದವರು ಅಮೆರಿಕ, ಆಸ್ಟ್ರೇಲಿಯಾದ ಶಾಲೆ, ಆಸ್ಪತ್ರೆಗಳಲ್ಲಿ ಇದ್ದಾರೆ. ಬೆಂಗಳೂರಿನ ಕ್ಲಿನಿಕ್ಕುಗಳಲ್ಲಿ ಇದ್ದಾರೆ. ಶಿರಾದ ಶಾಲೆಗೆ ಯಾಕೆ ಬರಲ್ಲ? ದೇಶಭಕ್ತಿ ಕಮ್ಮಿ ಅಂತ ಬೈದು ಪ್ರಯೋಜನ ಇಲ್ಲ. ಹುದ್ದೆಯೇ ಇಲ್ಲದ ಕಡೆ ಯಾರು ಬರ್ತಾರೆ ಸ್ವಾಮಿ? ಸರ್ಕಾರಿ ಶಾಲೆಯಲ್ಲಿ ಹೆಡ್‌ಮಾಸ್ಟರ್ ಉಂಟು, ಪಿಟಿ ಮೇಷ್ಟ್ರು ಉಂಟು, ಬಿಸಿಯೂಟದ ಅಡುಗೆಯವರು ಉಂಟು. ವಾಕ್ ಚಿಕಿತ್ಸಕರು ಅನ್ನೋ ಕಾಯಂ ಹುದ್ದೆ ನಮ್ಮ ಶಾಲಾ ವ್ಯವಸ್ಥೆಯ ಕಲ್ಪನೆಯಲ್ಲೇ ಇಲ್ಲ.

ಹಾಗಾದ್ರೆ ಏನಿದೆ? ಕ್ಯಾಂಪು ಇದೆ.

ವರ್ಷಕ್ಕೊಮ್ಮೆ ತಾಲ್ಲೂಕು ಕೇಂದ್ರದಲ್ಲಿ ವಿಶೇಷ ಚೇತನ ಮಕ್ಕಳ ವೈದ್ಯಕೀಯ ತಪಾಸಣಾ ಶಿಬಿರ ನಡೆಯುತ್ತೆ. ಶಾಮಿಯಾನ, ಬ್ಯಾನರು, ದೀಪ ಬೆಳಗೋದು, ಭಾಷಣ. ಹಳ್ಳಿಯಿಂದ ತಾಯಿ ಒಂದು ದಿನದ ಕೂಲಿ ಬಿಟ್ಟು ಮಗೂನ ಕರ್ಕೊಂಡು ಬಂದಿರ್ತಾಳೆ. ಕಿವಿ ನೋಡ್ತಾರೆ, ಹೆಸರು ಕೂಗಿಸ್ತಾರೆ, ಪರ್ಸೆಂಟೇಜ್ ಬರೀತಾರೆ. 40 ಪರ್ಸೆಂಟ್ ದಾಟಿದ್ರೆ ಪ್ರಮಾಣಪತ್ರ, ಅದರ ಹಿಂದೆ ಒಂದಿಷ್ಟು ಸೌಲಭ್ಯ. ದಾಟದಿದ್ರೆ ಮನೆಗೆ. ಕಿವಿ ಮಂದ ಇದ್ರೆ ಒಂದು ಯಂತ್ರ ಕೊಟ್ಟು ಫೋಟೋ ತೆಗೀತಾರೆ. ಆ ಯಂತ್ರ ಹಾಕ್ಕೊಂಡು ಕೇಳಿಸೋ ಸದ್ದನ್ನ ಮಾತಾಗಿ ಅರ್ಥ ಮಾಡ್ಕೊಳ್ಳೋದು ಹೇಗೆ ಅಂತ ವಾರ ವಾರ ಕೂತು ಕಲಿಸೋರು ಯಾರು? ಯಾರೂ ಇಲ್ಲ. ಬ್ಯಾಟರಿ ಮುಗಿದ ದಿನ ಯಂತ್ರ ಗೂಡು ಸೇರುತ್ತೆ.

ನಾನು ಹೇಳಬೇಕಂತಿರೋದು ಇಷ್ಟೇ: ಮಾತು ಪೋಲಿಯೋ ಹನಿ ಅಲ್ಲ. ಬಾಯಿಗೆ ಎರಡು ತೊಟ್ಟು ಬಿಟ್ಟು ಉಗುರಿಗೆ ಮಸಿ ಹಚ್ಚಿ ಕಳಿಸೋಕೆ ಆಗಲ್ಲ. ಕ್ಯಾಂಪು ಪತ್ತೆ ಹಚ್ಚಬಹುದು. ಕಲಿಸೋಕೆ ಅದೇ ಮುಖ, ಅದೇ ಧ್ವನಿ, ವಾರ ವಾರ ಬರಬೇಕು.

ವಾಕ್ ಚಿಕಿತ್ಸಕರು ಏನ್ ಮಾಡ್ತಾರೆ ಅನ್ನೋದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. 'ಕಾಗೆ' ಅನ್ನೋಕೆ 'ತಾದೆ' ಅನ್ನೋ ಮಗು ಇರುತ್ತೆ. ಎರಡು ಎರಡೂವರೆ ವರ್ಷಕ್ಕೆ ಅದು ಮುದ್ದು, ಏಳು ವರ್ಷಕ್ಕೆ ಕ್ಲಾಸಿಗೆಲ್ಲ ನಗೆಪಾಟಲು. ನಾಲಿಗೆಯ ಹಿಂಭಾಗ ಎಲ್ಲಿ ತಾಗಬೇಕು ಅಂತ ಹಂತಹಂತವಾಗಿ ಕಲಿಸಿದ್ರೆ ಬಹುತೇಕ ಸರಿಹೋಗುತ್ತೆ. ಸೀಳು ಅಂಗುಳಕ್ಕೆ ಉಚಿತವಾಗಿ ಆಪರೇಷನ್ ಮಾಡಿಸಿಕೊಂಡು ಬಂದ ಮಗು ಇರುತ್ತೆ. ಹೊಲಿಗೆ ಚೆನ್ನಾಗಿ ಆಗಿದ್ರೂ ಮಾತು ಮೂಗಿನಲ್ಲೇ ಇರುತ್ತೆ, ಅದಕ್ಕೂ ತರಬೇತಿ ಬೇಕು. ಉಗ್ಗುವ ಹುಡುಗ ಇರ್ತಾನೆ. ಹಾಜರಿ ಕೂಗುವಾಗ 'ಪ್ರೆಸೆಂಟ್ ಸಾರ್' ಅನ್ನೋಕೆ 'ಪ' ಸಿಕ್ಕಿಹಾಕ್ಕೊಂಡು, ಮೇಷ್ಟ್ರು ಆಬ್ಸೆಂಟ್ ಹಾಕಿದ್ರೂ ಸುಮ್ನೆ ಕೂತಿರ್ತಾನೆ. ಅವನಿಗೆ 40 ಪರ್ಸೆಂಟ್ ಬರೋದು ಕಷ್ಟ. ಕ್ಯಾಂಪಿನ ಲೆಕ್ಕದಲ್ಲಿ ಅವನಿಗೆ ಏನೂ ಆಗಿಲ್ಲ. ಅವನ ಲೆಕ್ಕದಲ್ಲಿ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಗಲ್ಲು.

ಇನ್ನು ಕಿವಿ ಸೋರುವ ಮಕ್ಕಳು. ಹಳ್ಳಿಗಳಲ್ಲಿ ಇದು ತೀರಾ ಮಾಮೂಲಿ ಅಂತ ಯಾರೂ ಲಕ್ಷ್ಯ ಕೊಡಲ್ಲ. ಕೇಳಿಸೋದು ಸ್ವಲ್ಪ ಕಮ್ಮಿಯಾಗಿರುತ್ತೆ, ಹಿಂದಿನ ಬೆಂಚಲ್ಲಿ ಕೂತ ಮಗುವಿಗೆ ಅರ್ಧ ಪಾಠ ತಲುಪಲ್ಲ. ನಲಿ-ಕಲಿ ಕಾರ್ಡು ಮುಂದಿಟ್ಕೊಂಡು ಸುಮ್ನೆ ಕೂತಿರುತ್ತೆ. ಮೇಷ್ಟ್ರ ಪುಸ್ತಕದಲ್ಲಿ ಅದರ ಹೆಸರು 'ದಡ್ಡ'.

ನಮ್ಮ ಸೀಮೆಗೇ ವಿಶೇಷವಾದ ಇನ್ನೊಂದು ಸಮಸ್ಯೆ ಇದೆ. ಪಾವಗಡಕ್ಕೆ ಮೂರು ಕಡೆ ಆಂಧ್ರ. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಶಿರಾ ಪೇಟೆಯಲ್ಲಿ ದಖನಿ ಉರ್ದು. ಗೊಲ್ಲರ ಹಟ್ಟಿಯ ಕನ್ನಡವೇ ಬೇರೆ, ಪಠ್ಯಪುಸ್ತಕದ ಕನ್ನಡವೇ ಬೇರೆ. ಇಲ್ಲಿ ಒಂದನೇ ಕ್ಲಾಸಿನ ಮಗು ಬಾಯಿ ಬಿಡ್ತಿಲ್ಲ ಅಂದ್ರೆ ಅದಕ್ಕೆ ಕನ್ನಡ ಹೊಸದೋ, ಅಥವಾ ತೆಲುಗಿನಲ್ಲೂ ಮಾತು ಬೆಳೆದಿಲ್ವೋ? ಮೊದಲನೆಯದಕ್ಕೆ ಬೇಕಾಗಿರೋದು ಸ್ವಲ್ಪ ತಾಳ್ಮೆ, ಎರಡನೆಯದಕ್ಕೆ ಚಿಕಿತ್ಸೆ. ಎರಡನ್ನೂ ಬಿಡಿಸಿ ಹೇಳೋಕೆ ತಿಳಿದವರು ಬೇಕು. ಇಲ್ಲದಿದ್ರೆ ಸರಿಯಿರೋ ಮಗುವನ್ನ ಮಂದ ಅಂತೀವಿ, ತೊಂದರೆಯಿರೋ ಮಗುವನ್ನ "ತೆಲುಗು ಮನೆದು, ಕಲ್ಕೊಳ್ಳುತ್ತೆ" ಅಂತ ಬಿಟ್ಟುಬಿಡ್ತೀವಿ.

ಹಾಲಿಗೆ 'ಆಲು' ಅನ್ನೋದು, ಶಾಲೆಗೆ 'ಸಾಲೆ' ಅನ್ನೋದು ರೋಗವಲ್ಲ ಅಂತ ಮೇಷ್ಟ್ರುಗಳಿಗೆ ಹೇಳೋಕೂ ಅಂಥವರೇ ಬೇಕು. ಊರಿನ ಹೆಸರನ್ನ ಒಂದು ಬೋರ್ಡಲ್ಲಿ ಶಿರಾ, ಇನ್ನೊಂದರಲ್ಲಿ ಸಿರಾ ಅಂತ ನಾವೇ ಬರೀತೀವಿ, ಮಗು 'ಸಾಲೆ' ಅಂದ್ರೆ ಮಾತ್ರ ಬೆತ್ತ!

ಇಷ್ಟಕ್ಕೂ ಕಾನೂನು ಇಲ್ವಾ? ಬೇಕಾದಷ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಕಲತೆಗಳ ಪಟ್ಟಿಯಲ್ಲಿ ಮಾತು ಮತ್ತು ಭಾಷೆಯ ವಿಕಲತೆಗೆ ಬೇರೆಯೇ ಜಾಗ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ತಪಾಸಣೆ ಮಾಡಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು ಅಂತಿದೆ. 2021ರಲ್ಲಿ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರ ಲೆಕ್ಕ ಹೇಳಿತು: ಪ್ರಾಥಮಿಕದಲ್ಲಿ ಅಂಥ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು. ಆದರೆ ಅದು ವಿಶೇಷ ಶಿಕ್ಷಕರ ಲೆಕ್ಕ, ವಾಕ್ ಚಿಕಿತ್ಸಕರದ್ದಲ್ಲ. ನಮ್ಮ ಬಿಆರ್‌ಸಿಗಳಲ್ಲಿ ಬಿಐಇಆರ್‌ಟಿ ಅಂತ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರಿದ್ದಾರೆ. ದೃಷ್ಟಿ, ಶ್ರವಣ, ಬುದ್ಧಿಮಾಂದ್ಯ, ಮನೆ ಆಧಾರಿತ ಶಿಕ್ಷಣ ಎಲ್ಲಾ ಅವರ ತಲೆ ಮೇಲೆ. ಅವರನ್ನ ಬೈಯೋನು ನಾನಲ್ಲ.

ಗಂಟು ಇರೋದು ಇಲ್ಲಿ: ಸಂಸ್ಥೆ ಆರೋಗ್ಯ ಇಲಾಖೆದು, ಮಗು ಶಿಕ್ಷಣ ಇಲಾಖೆದು, ಪಿಂಚಣಿ ಮತ್ತೊಂದು ಇಲಾಖೆದು. ಮೂವರೂ ತಮ್ಮ ತಮ್ಮ ರಿಜಿಸ್ಟರಲ್ಲಿ ಮಗುವಿನ ಹೆಸರು ಬರ್ಕೊಂಡಿರ್ತಾರೆ. ಎದುರಿಗೆ ಕೂತು 'ಕ' ಹೇಳಿಸೋರು ಮಾತ್ರ ಮೂವರಲ್ಲಿ ಯಾರೂ ಅಲ್ಲ. ಜಿಲ್ಲಾಸ್ಪತ್ರೆಗೆ ಹೋಗಿ ಅಂತಾರೆ. ಪಾವಗಡದಿಂದ ತುಮಕೂರು ಸುಮಾರು 100 ಕಿಲೋಮೀಟರು. ಮುಕ್ಕಾಲು ಗಂಟೆಯ ಥೆರಪಿಗೆ ವಾರವಾರ ಒಂದು ದಿನದ ಕೂಲಿ ಬಿಡೋ ತಾಯಿ ಎಷ್ಟು ವಾರ ಹೋದಾಳು? ನೀವಾದ್ರೆ ಎಷ್ಟು ವಾರ ಹೋಗ್ತಿದ್ರಿ?

ಈಗ ನೀವು ಕೇಳಬಹುದಾದ ಪ್ರಶ್ನೆಗಳಿಗೆ ಬರ್ತೀನಿ.

"ಶಾಲೆಗೆ ಮೇಷ್ಟ್ರೇ ಇಲ್ಲ, ಇನ್ನು ವಾಕ್ ಚಿಕಿತ್ಸಕರೇ?" ನಾನು ಶಾಲೆಗೊಬ್ಬರು ಕೇಳ್ತಿಲ್ಲ. ತಾಲ್ಲೂಕಿಗೊಬ್ಬರು. ನಾಲ್ಕು ತಾಲ್ಲೂಕಿಗೆ ನಾಲ್ಕು ಜನ. ವಾರದ ಒಂದೊಂದು ದಿನ ಒಂದೊಂದು ಕಡೆ ಶಾಲೆಯಲ್ಲಿ ಕೂರಲಿ, ಸೋಮವಾರ ತಾವರೆಕೆರೆ ಅಂದ್ರೆ ಸೋಮವಾರ ತಾವರೆಕೆರೆ. ಸಂತೆಗೆ ದಿನ ಗೊತ್ತುಮಾಡಿಲ್ವೇ ನಾವು?

"ದುಡ್ಡು?" ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅಂತ ಇದೆ. ಒಂದು ಮಗುವಿಗೆ ಲೆಕ್ಕ ಹಾಕಿದ್ರೆ ತಿಂಗಳಿಗೆ 300 ರೂಪಾಯಿಯೂ ಆಗಲ್ಲ. ಅದರಲ್ಲೇ ಉಪಕರಣ, ಸಾಗಣೆ ಎಲ್ಲಾ ಬರಬೇಕು. ಅದಕ್ಕೇ ಹೇಳೋದು, ಹುದ್ದೆಯನ್ನ ಈ ಪುಡಿಗಾಸಲ್ಲಿ ಹುಡುಕಬೇಡಿ, ಸಂಬಳದ ಬಜೆಟ್ಟಿನಲ್ಲಿ ಇಡಿ. ನಾಲ್ಕು ಸಂಬಳಕ್ಕೆ ರಾಜ್ಯ ದಿವಾಳಿ ಆಗಲ್ಲ. ಗೌರವಧನ, ಹನ್ನೊಂದು ತಿಂಗಳ ಗುತ್ತಿಗೆ ಅಂದ್ರೆ ಅವರು ಎರಡನೇ ವರ್ಷ ಬೆಂಗಳೂರು ಬಸ್ಸು ಹತ್ತುತ್ತಾರೆ. ಮಗು ಇನ್ನೊಬ್ಬ ಹೊಸಬರ ಮುಂದೆ ಮತ್ತೆ 'ತಾದೆ'ಯಿಂದ ಶುರು ಮಾಡುತ್ತೆ.

"ಆನ್‌ಲೈನ್ ಮಾಡಿದ್ರೆ?" ಮಾಡಲಿ, ಪೂರಕವಾಗಿ. ಆದರೆ ಐದು ವರ್ಷದ, ಕಿವಿ ಮಂದ ಇರೋ ಮಗುವನ್ನ ಕೂಲಿಗೆ ಹೋಗೋ ತಾಯಿಯ ಮೊಬೈಲಿನ ಮುಂದೆ ಮುಕ್ಕಾಲು ಗಂಟೆ ಕೂರಿಸಿ ತೋರಿಸಿ, ಆಮೇಲೆ ಮಾತಾಡೋಣ.

"ಎಲ್ಲರಿಗೂ ಮಾತು ಬರಿಸಲೇಬೇಕಾ? ಸನ್ನೆ ಭಾಷೆಯೂ ಭಾಷೆಯೇ ಅಲ್ವಾ?" ಇದು ಒಳ್ಳೇ ಪ್ರಶ್ನೆ. ಖಂಡಿತ ಭಾಷೆಯೇ. ಕೆಲವು ಮಕ್ಕಳಿಗೆ ಅದೇ ಸರಿಯಾದ ದಾರಿ, ಆ ದಾರಿಯಲ್ಲಿ ಕಲಿಸೋಕೆ ಸನ್ನೆ ಬಲ್ಲ ಶಿಕ್ಷಕರೂ ಬೇಕು. ಆದರೆ ಈಗ ತಾವರೆಕೆರೆಯ ಕಿವುಡು ಮಗುವಿಗೆ ಮಾತೂ ಇಲ್ಲ, ಸನ್ನೆ ಭಾಷೆಯೂ ಇಲ್ಲ. ಮನೆಯವರಿಗೆ ಮಾತ್ರ ತಿಳಿಯೋ ನಾಲ್ಕು ಕೈಸನ್ನೆ ಇದೆ ಅಷ್ಟೆ. ಆಯ್ಕೆ ಅನ್ನೋದು ಎರಡು ಇದ್ದಾಗ ಬರೋ ಮಾತು.

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಮಾತಿನ ವಿಕಲತೆ ಇರೋರು ಅಂತ ಲೆಕ್ಕಕ್ಕೆ ಸಿಕ್ಕವರೇ ಸುಮಾರು 90 ಸಾವಿರ. ಮೇಲೆ ಹೇಳಿದ ಉಗ್ಗುವ ಹುಡುಗ, ಕಿವಿ ಸೋರುವ ಹುಡುಗಿ ಇಂಥ ಲೆಕ್ಕಗಳಿಗೆ ಸುಲಭವಾಗಿ ಸಿಗೋರಲ್ಲ.

ಕನ್ನಡ ಉಳಿಸಿ ಅಂತ ನಾವೆಲ್ಲ ಬರೀತೀವಿ. ಬೋರ್ಡಿನಲ್ಲಿ ಕನ್ನಡ, ಬ್ಯಾಂಕಿನಲ್ಲಿ ಕನ್ನಡ, ಮೆಟ್ರೋದಲ್ಲಿ ಕನ್ನಡ. ಬೇಕು, ಎಲ್ಲಾ ಬೇಕು. ಆದರೆ ಬಾಯಲ್ಲಿ ಕನ್ನಡ? ಬಾಯಿ ತೆರೆಯೋಕೇ ಆಗದ ಮಗುವಿನ ಕನ್ನಡದ ಬಗ್ಗೆ ನಮ್ಮ ಯಾವ ಹೋರಾಟದಲ್ಲಿ ಒಂದು ಸಾಲು ಇದೆ ಹೇಳಿ?

ಸುಮ್ನೆ "ಚೆನ್ನಾಗಿ ಬರೆದಿದ್ದೀರಿ" ಅಂತ ಹೇಳಿ ಹೋಗಬೇಡಿ ಮಾರಾಯ್ರೇ. ನಿಮ್ಮ ನಿಮ್ಮ ತಾಲ್ಲೂಕಿನ ಬಿಇಓ ಆಫೀಸಿಗೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ಎರಡೇ ಪ್ರಶ್ನೆ. ಒಂದು, ಕಳೆದ ವರ್ಷದ ಶಿಬಿರದಲ್ಲಿ ಮಾತಿನ ಅಥವಾ ಶ್ರವಣದ ತೊಂದರೆ ಅಂತ ಗುರುತಿಸಿದ ಮಕ್ಕಳು ಎಷ್ಟು? ಎರಡು, ಅವರಲ್ಲಿ ಎಷ್ಟು ಮಕ್ಕಳಿಗೆ ಆಮೇಲೆ ವಾಕ್ ಚಿಕಿತ್ಸೆ ಸಿಕ್ಕಿತು, ಎಷ್ಟು ಸಲ? ಮೊದಲನೇ ಪ್ರಶ್ನೆಗೆ ಉತ್ತರ ಬೇಗ ಬರುತ್ತೆ. ಎರಡನೆಯದಕ್ಕೆ ಏನು ಬರುತ್ತೋ ಅದನ್ನ ನಿಮ್ಮ ಬ್ಲಾಗಲ್ಲಿ ಹಾಗೇ ಹಾಕಿ. ನಾನು ಮಧುಗಿರಿ ಜಿಲ್ಲೆಯ ನಾಲ್ಕೂ ತಾಲ್ಲೂಕಿಗೆ ಹಾಕ್ತೀನಿ. ಬಂದದ್ದನ್ನ ಇಲ್ಲೇ ಹಾಕ್ತೀನಿ.