ಮರಿಗೂ ಮೊದಲು ಗೂಡು

ಹೋದ ವರ್ಷ ಯುಗಾದಿ ಕಳೆದ ವಾರ ಒಂದೇ ಮಧ್ಯಾಹ್ನ ನನ್ನ ನಾಲ್ಕು ಗಿರಿರಾಜ ಕೋಳಿ ಸತ್ತವು. ರೋಗವಿರಲಿಲ್ಲ, ಕೊಕ್ಕರೆ ರೋಗದ ಲಸಿಕೆ ಎರಡೂ ಸಲ ಹಾಕಿಸಿದ್ದೆ. ಕೊಂದದ್ದು ಗೂಡು. ಪೇಟೆಯಿಂದ ತಂದ ರೆಡಿಮೇಡ್ ಕಬ್ಬಿಣದ ಗೂಡು ಅದು, ಮೇಲೆ ಬರೀ ತಗಡು. ಹದಿನೈದು ಕೋಳಿಗೆ ಸಾಕು ಎಂದಿದ್ದರು, ನಂಬಿದೆ. ಕೋಳಿ ಬೆವರುವ ಜೀವವಲ್ಲ, ಬಾಯಿ ತೆರೆದು ತೇಕಿಯೇ ಮೈಕಾವು ಕಳೆಯಬೇಕು. ಕಾದ ತಗಡಿನಡಿ ಗಾಳಿಯೂ ಆಡದಿದ್ದರೆ ಎಷ್ಟು ತೇಕಿದರೇನು? ಅದಾದ ಹತ್ತು ದಿನಕ್ಕೆ ಕಾಡುಬೆಕ್ಕು ಬಂತು. ಜಾಲರಿಯ ದೊಡ್ಡ ತೂತಿನೊಳಗೆ ಪಂಜ ತೂರಿಸಿ ಮೂರು ಕೋಳಿಯ ಕತ್ತು ಎಳೆದು ಹೋಗಿತ್ತು.

ನಮ್ಮ ಚಿತ್ರದುರ್ಗದ ಸಿರಿಗೆರೆ ಸುತ್ತಿನ ಹಳ್ಳಿಗಳಲ್ಲಿ ಹೀಗೆ ಕೋಳಿ ಕಳೆದುಕೊಂಡ ಹೆಂಗಸು ನಾನೊಬ್ಬಳೇ ಅಲ್ಲ. ಹಿತ್ತಲ ಕೋಳಿ ಸಾಕಣೆಗೆಂದು ಐದು ವಾರದ ಮರಿ ಹಂಚುವ ಯೋಜನೆಗಳು ಬರುತ್ತವೆ, ಬರಲಿ. ಆದರೆ ಮರಿ ಮನೆಗೆ ಬಂದ ರಾತ್ರಿ ಎಲ್ಲಿ ಮಲಗಬೇಕು ಎಂಬ ಮಾತು ಮೊದಲು ಆಗಬೇಕು ಅನ್ನುವುದು ನನ್ನ ಹಟ.

ನಮ್ಮಜ್ಜಿ ಗೂಡಿಗೆ ಕಾಸು ಖರ್ಚು ಮಾಡಿದವಳಲ್ಲ. ಮರಿಗಳನ್ನೂ ತಾಯಿಯನ್ನೂ ಮಂಕರಿಯಡಿ ಕವುಚಿ ಮೇಲೊಂದು ಕಲ್ಲು ಹೇರುತ್ತಿದ್ದಳು. ದೊಡ್ಡವು ಹೊತ್ತು ಮುಳುಗಿದರೆ ಬೇವಿನ ಮರ ಹತ್ತುತ್ತಿದ್ದವು. ಅವು ಹಾರಬಲ್ಲ ನಾಟಿ ಕೋಳಿ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ಮೈಭಾರದ ತಳಿ, ಹಾರಿ ಜೀವ ಉಳಿಸಿಕೊಳ್ಳಲಾರದು. 2005ರ ಸ್ವರ್ಣಧಾರಾ ತುಸು ಹಗುರ, ತಪ್ಪಿಸಿಕೊಳ್ಳುವುದರಲ್ಲಿ ವಾಸಿ. ತಳಿ ಬದಲಾಯಿತು, ನಮ್ಮ ಮಂಕರಿ ಬದಲಾಗಲಿಲ್ಲ.

ಎರಡನೇ ಗೂಡನ್ನು ನಾನೇ ನಿಂತು ಕಟ್ಟಿಸಿದೆ. ಆರಡಿ ಉದ್ದ, ನಾಲ್ಕಡಿ ಅಗಲ, ಹನ್ನೆರಡು ಕೋಳಿ. ತಲಾ ಎರಡು ಚದರಡಿ. ನೆಲಕ್ಕೆ ಕಲ್ಲುಚಪ್ಪಡಿ, ಹೆಗ್ಗಣ ಕೊರೆಯದಿರಲೆಂದು. ಅದರ ಮೇಲೆ ಮೂರಿಂಚು ಶೇಂಗಾ ಸಿಪ್ಪೆ. ಚಳ್ಳಕೆರೆ ಕಡೆಯ ಶೇಂಗಾ ಮಿಲ್ಲುಗಳಿರುವ ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ? ಒದ್ದೆಯಾಗದಂತೆ ಆಗಾಗ ಕೆದಕಿದರೆ ಕಣ್ಣುರಿಯುವ ವಾಸನೆ ಏಳುವುದಿಲ್ಲ. ಮೇಲೆ ನಾಡಹೆಂಚು. ಊರಲ್ಲಿ ಆರ್‌ಸಿಸಿ ಮನೆ ಎದ್ದಂತೆಲ್ಲ ಹಳೇ ಹೆಂಚು ಬೀದಿಬದಿ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಉದ್ದನೆಯ ಮೈ ಪೂರ್ವ-ಪಶ್ಚಿಮಕ್ಕಿದ್ದರೆ ಬಿಸಿಲು ಒಳಗೆ ಹೊಡೆಯುವುದಿಲ್ಲ. ಪಡುವಣಕ್ಕೆ ಮಾತ್ರ ಮಣ್ಣಿಟ್ಟಿಗೆಯ ಗೋಡೆ. ದುರ್ಗದ ಗುಡ್ಡಗಳ ಗಾಳಿಯಂತ್ರ ತಿರುಗಿಸುವ ಆಷಾಢದ ಗಾಳಿ ಎಳೇ ಮರಿಯನ್ನೂ ಬಿಡುವುದಿಲ್ಲ. ಕೂರುವ ಗಳು ಒಂದೂವರೆ ಅಡಿಗಿಂತ ಎತ್ತರ ಬೇಡ. ಭಾರದ ಕೋಳಿ ಧುಮುಕಿ ಧುಮುಕಿ ಪಾದ ಕೆಡಿಸಿಕೊಳ್ಳುತ್ತದೆ.

ಹಗಲು ಓಡಾಡಲು ನುಗ್ಗೆಮರದಡಿ ಹತ್ತಡಿ ಹದಿನೈದಡಿ ಬೇಲಿ. ಕಾಸು ಉಳಿಸಲೇಬಾರದ ಜಾಗ ಇದು. ಅಂಗಡಿಯವರು ಕೋಳಿ ಜಾಲರಿ ಎಂದು ಕೊಡುವ ತೆಳ್ಳನೆಯದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಮುಂಗುಸಿ ಒಳಗೆ ಬಾರದಂತೆ ತಡೆಯುವುದಿಲ್ಲ. ಕೆಳಗಿನ ಎರಡಡಿಗಾದರೂ ಅರ್ಧ ಇಂಚು ತೂತಿನ ವೆಲ್ಡ್ ಮೆಶ್ ಬೇಕು, ಜೊತೆಗೆ ಒಂದಡಿ ಮಣ್ಣೊಳಗೆ ಇಳಿದಿರಬೇಕು. ಹದ್ದಿಗೆ ಹಳೇ ಮೀನುಬಲೆ ಸಾಕು. ಮೂಲೆಯಲ್ಲಿ ಒಲೆಬೂದಿ ಬೆರೆಸಿದ ಮಣ್ಣಿನ ಗುಂಡಿ ಇದೆ, ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ. ಹೊರಳಿ ಎದ್ದು ಮೈ ಕೊಡವುವುದನ್ನು ನೋಡುತ್ತ ನಿಂತರೆ ನನಗೆ ಮನೆಗೆಲಸ ಮರೆಯುತ್ತದೆ.

ಒಟ್ಟು ಒಂಬತ್ತು ಸಾವಿರ ಆಯಿತು. ಕೂಲಿ ಮಾಡುವ ಹೆಂಗಸಿಗೆ ಇದು ದೊಡ್ಡ ಹಣ. ಅದಕ್ಕೇ ಯೋಜನೆಯವರು ಇಪ್ಪತ್ತು ಮರಿ ಕೊಡುವ ಕಡೆ ಹತ್ತೇ ಕೊಡಲಿ, ಮಿಕ್ಕ ದುಡ್ಡಿಗೆ ಒಂದು ಸುರುಳಿ ಮೆಶ್ ಕೊಡಲಿ ಎನ್ನುತ್ತೇನೆ. ಮರಿ ಹಂಚುವ ಮುನ್ನ, ಹಳ್ಳಿಯಲ್ಲಿ ದನ-ಕೋಳಿಗಳ ಆರೈಕೆಗೆ ನೆರವಾಗುವ ನಮ್ಮ ಪಶುಸಖಿಯರು ಒಂದೊಂದು ಹಿತ್ತಲಿಗೂ ಹೋಗಿ ಜಾಲರಿಗೆ ಹೆಬ್ಬೆರಳು ತೂರಿಸಿ ನೋಡಲಿ. ಬೆರಳು ಒಳಹೋದರೆ ಮೆಶ್ ಬಿಗಿಯುವ ತನಕ ಮರಿ ತಡೆದಿಟ್ಟುಕೊಳ್ಳಲಿ.